ವಲಸೆ ವಕೀಲಿ ಹಿಡಿಯಹೊರಟ ಹಿರೋಳ್ಳಿಯ ಮಗಳಿಗೆ

ನೋಡವ್ವ, ಕಲಬುರಗಿಯ ಲಾ ಕಾಲೇಜಿಗೆ ನೀನು ಹೆಸರು ಹಚ್ಚಿದ್ದು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮುಂದೆ ವಲಸೆ ಕಾನೂನಿನ ವಕೀಲಳಾಗುತ್ತೇನೆ ಅಂತ ನೀನು ಅಂದದ್ದು ಮಾತ್ರ ಮನೆಯಲ್ಲಿ ಯಾರ ತಲೆಗೂ ಹೋಗಲಿಲ್ಲವಂತೆ. ‘ಹೊಲದ ದಾವಾ, ಪಾಲಿನ ದಾವಾ ನಡೆಸಿದರ ಊಟಕ್ಕ ಕೊರತಿ ಇಲ್ಲ. ವೀಸಾದ ವಕೀಲಿ ಹಿರೋಳ್ಳಿಯಾಗ ಯಾರಿಗೆ ಬೇಕು?’ ಅಂತ ನಿಮ್ಮ ಕಾಕಾ ಕೇಳಿದ್ದಾನೆ. ಆಳಂದ ಕೋರ್ಟಿನಲ್ಲಿ ಅದೇ ಹೊಲದ ದಾವೆ, ಪಾಲಿನ ದಾವೆ ನಡೆಸಿಯೇ ನಾನು ಮಕ್ಕಳನ್ನು ಓದಿಸಿದವನು, ಆದ್ದರಿಂದ ಅವನ ಮಾತನ್ನು ತೆಗೆದುಹಾಕುವುದಿಲ್ಲ. ಆದರೆ ಈ ವಕೀಲಿ ನಮ್ಮೂರಿಗೆ ಸಂಬಂಧವಿಲ್ಲದ್ದು ಅನ್ನುವುದನ್ನು ಒಪ್ಪಲಾರೆ.

2020ರ ಬೇಸಿಗೆಯನ್ನು ನೆನಪು ಮಾಡಿಕೋ. ಅಲ್ಲಿಯವರೆಗೆ ಗಡಿಯಾಚೆ ಮಹಾರಾಷ್ಟ್ರದ ವಾಗ್ದರಿಗೆ, ಅಕ್ಕಲಕೋಟಕ್ಕೆ ಹೋಗಿಬರುವುದೆಂದರೆ ಪಕ್ಕದ ಓಣಿಗೆ ಹೋಗಿಬಂದಂತೆ. ಅರ್ಧ ಊರಿನ ಬೀಗರು ಆಚೆಯವರೇ. ಕೊರೊನಾ ಬಂತು, ನಮ್ಮೂರಿನ ಚೆಕ್‌ಪೋಸ್ಟಿಗೆ ಅಡ್ಡಗಂಬ ಬಿತ್ತು. ಮುಂಬೈ, ಪುಣೆಯ ಕೆಲಸ ನಿಂತುಹೋಗಿ ಊರಿಗೆ ಹೊರಟ ಜನರಿಗೆ ಸರ್ಕಾರದ ಸೇವಾ ಸಿಂಧು ತಾಣದ ಪಾಸ್ ಬೇಕಾಯಿತು. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಪ್ರವೇಶವೇ ಇಲ್ಲ ಅಂತ ಸರ್ಕಾರ ಹೇಳಿತು. ಇದೇ ಮಣ್ಣಿನಲ್ಲಿ ಹುಟ್ಟಿದವರು ಇದೇ ಮಣ್ಣಿಗೆ ಬರಲು ಕಾಗದ ತೋರಿಸಬೇಕಾಯಿತು. ಆಧಾರ್ ಎಲ್ಲಿಯದು, ರೇಷನ್ ಕಾರ್ಡ್ ಎಲ್ಲಿಯದು, ಮೊಬೈಲಿನಲ್ಲಿ ಮೆಸೇಜ್ ಬಂದಿದೆಯೋ ಇಲ್ಲವೋ. ಕಾಗದ ಸರಿ ಇದ್ದವರು ದಾಟಿದರು, ಇಲ್ಲದವರು ಬಿಸಿಲಿನಲ್ಲಿ ಕುಳಿತರು. ಜಗತ್ತಿನ ಎಲ್ಲ ಗಡಿಗಳಲ್ಲೂ ದಿನಬೆಳಗಾದರೆ ಇದೇ ನಡೆಯುತ್ತದೆ. ಆ ಅಡ್ಡಗಂಬದ ಮುಂದೆ ನಿಂತವನ ಪರವಾಗಿ ಕಾನೂನು ಮಾತಾಡುವವರೇ ವಲಸೆ ವಕೀಲರು.

ಈ ವೃತ್ತಿಗೆ ಬಂದವರೆಲ್ಲ ಯಾರು, ಎಲ್ಲಿಂದ ಬಂದವರು ಅಂತ ನೀನು ಓದಬೇಕು. ಕಾಯ್ದೆಯ ಪುಸ್ತಕಕ್ಕಿಂತ ಮೊದಲು ಇದನ್ನೇ ಓದು. ಬಹಳ ಮಂದಿ ತಾವೇ ಗಡಿ ದಾಟಿದವರು, ಇಲ್ಲವೆ ದಾಟಿದವರ ಮಕ್ಕಳು.

ನಮ್ಮ ದೇಶದ ಮಟ್ಟಿಗೆ ಈ ಸಾಲಿನ ಹಿರಿಯರು ಗಾಂಧೀಜಿಯೇ. 1891ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದವರು ಮುಂಬೈಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಕೇಸಿಗೆ ಎದ್ದು ನಿಂತಾಗ ಬಾಯಿಯೇ ಬರಲಿಲ್ಲ. ಪಾಟಿಸವಾಲು ಮಾಡಲಾಗದೆ ಕುಳಿತುಬಿಟ್ಟರು, ಫೀಸು ವಾಪಸ್ ಕೊಟ್ಟರು. ಆಮೇಲೆ ರಾಜಕೋಟೆಗೆ ಹೋಗಿ ಜನರಿಗೆ ಅರ್ಜಿ, ಮನವಿ ಬರೆದುಕೊಟ್ಟು ಹೊಟ್ಟೆ ಹೊರೆದರು. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದಾಗ ಅವರ ಕೈಯಲ್ಲಿದ್ದ ಹದವಾದ ವಿದ್ಯೆ ಅದೇ, ಅರ್ಜಿ ಬರೆಯುವ ವಿದ್ಯೆ. ಮರುವರ್ಷ ನಟಾಲಿನ ಸುಪ್ರೀಂ ಕೋರ್ಟಿನಲ್ಲಿ ಸನದು ಕೇಳಿದರೆ ಅಲ್ಲಿನ ವಕೀಲರ ಸಂಘ ವಿರೋಧ ಮಾಡಿತು. ಕೋರ್ಟು ಆ ವಿರೋಧವನ್ನು ಒಪ್ಪಲಿಲ್ಲ. ಸ್ವಲ್ಪ ದಿನಕ್ಕೆ ಬಾಲಸುಂದರಂ ಎಂಬ ತಮಿಳು ಗಿರಿಮಿಟ್ ಕೂಲಿ, ಅಂದರೆ ಕರಾರಿನ ಕೂಲಿ, ಯಜಮಾನನ ಹೊಡೆತಕ್ಕೆ ಹಲ್ಲು ಮುರಿದುಕೊಂಡು, ಪೇಟ ತೆಗೆದು ಕೈಯಲ್ಲಿ ಹಿಡಿದು, ಅವರ ಮುಂದೆ ಬಂದು ನಿಂತ. ಯಜಮಾನನಿಗೆ ಜೈಲು ಕೊಡಿಸುವುದು ಗಾಂಧೀಜಿಗೆ ಮುಖ್ಯವಾಗಲಿಲ್ಲ. ಆ ಕೂಲಿಯ ಕರಾರನ್ನು ಬೇರೆ ಯಜಮಾನನ ಹೆಸರಿಗೆ ವರ್ಗ ಮಾಡಿಸಿದರು, ಬಾಲಸುಂದರಂ ಉಳಿದುಕೊಂಡ. ಇಂದಿಗೂ ವಲಸೆ ವಕೀಲರ ಮುಂದೆ ಇದೇ ಪ್ರಶ್ನೆ ಬರುತ್ತದೆ. ಮಾಲೀಕನ ಮೇಲೆ ಕೇಸು ಹಾಕುವುದೋ, ಮೊದಲು ಕಾರ್ಮಿಕನ ವೀಸಾ ಉಳಿಸುವುದೋ? ಮುಂದೆ ಟ್ರಾನ್ಸ್‌ವಾಲಿನ ನೋಂದಣಿ ಕಾನೂನು, ಕರಾರು ಮುಗಿದ ಕೂಲಿಗಳ ಮೇಲಿನ ಮೂರು ಪೌಂಡಿನ ತೆರಿಗೆ, 1913ರಲ್ಲಿ ಕ್ರೈಸ್ತ ವಿಧಿಯಲ್ಲದ ಮದುವೆಗಳು ಊರ್ಜಿತವಲ್ಲ ಎಂದ ಕೇಪ್ ಕೋರ್ಟಿನ ತೀರ್ಪು, ಇವೆಲ್ಲದರ ವಿರುದ್ಧ ಅವರು ಹೋರಾಡಿದರು. ಎಲ್ಲವೂ ವಲಸೆ ಕಾನೂನಿನ ವಿಷಯಗಳೇ. ಶಾಲೆಯ ಪುಸ್ತಕ ನಮಗೆ ಸತ್ಯಾಗ್ರಹ ಹೇಳಿಕೊಟ್ಟಿತು, ಅದರ ಹಿಂದಿನ ವಕೀಲಿಯನ್ನು ಹೇಳಿಕೊಡಲಿಲ್ಲ.

ಇನ್ನೊಬ್ಬರ ಹೆಸರು ನಮ್ಮ ಕಡೆ ಬಹಳ ಮಂದಿಗೆ ಗೊತ್ತಿಲ್ಲ. ಸಖಾರಾಮ ಗಣೇಶ ಪಂಡಿತ್. ಭಾರತದಿಂದ ಅಮೆರಿಕಕ್ಕೆ ಹೋಗಿ 1914ರಲ್ಲಿ ಅಲ್ಲಿಯ ಪೌರರಾದರು, 1917ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಕೀಲರಾದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರರಾಗಲು ಅರ್ಹರಲ್ಲ ಅಂತ ತೀರ್ಪು ಕೊಟ್ಟಿತು. ಮೊದಲೇ ಕೊಟ್ಟಿದ್ದ ಪೌರತ್ವವನ್ನೂ ಸರ್ಕಾರ ಒಬ್ಬೊಬ್ಬರಿಂದ ಕಿತ್ತುಕೊಳ್ಳತೊಡಗಿತು. ಪಂಡಿತರ ಸರದಿಯೂ ಬಂತು. ಅವರು ತಮ್ಮ ಕೇಸನ್ನು ತಾವೇ ಹೋರಾಡಿದರು. ‘ನೀವು ಕೊಟ್ಟ ಕಾಗದವನ್ನು ನಂಬಿ ಮದುವೆಯಾದೆ, ಆಸ್ತಿ ಮಾಡಿದೆ, ಈ ವೃತ್ತಿ ಹಿಡಿದೆ, ಈಗ ಅದನ್ನು ಹಿಂದಕ್ಕೆ ಕೇಳಲು ನಿಮಗೆ ಹಕ್ಕಿಲ್ಲ’ ಎನ್ನುವುದು ವಾದದ ತಿರುಳು. 1926ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದರು, 1927ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಅರ್ಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಅದಾದ ಮೇಲೆ ಉಳಿದ ಭಾರತೀಯರ ಮೇಲಿನ ಕೇಸುಗಳನ್ನೂ ಸರ್ಕಾರ ಬಿಟ್ಟುಕೊಟ್ಟಿತು. ಒಬ್ಬ ವಕೀಲ ತನ್ನ ಕಾಗದ ಉಳಿಸಿಕೊಂಡದ್ದರಿಂದ ಎಷ್ಟೋ ಮನೆಗಳು ಉಳಿದವು.

ಸೋತವರನ್ನೂ ತಿಳಿದುಕೊಂಡಿರು. 1914ರಲ್ಲಿ ಕೊಮಾಗಾಟಾ ಮಾರು ಹಡಗು 376 ಭಾರತೀಯ ಪ್ರಯಾಣಿಕರನ್ನು ಹೊತ್ತು ಕೆನಡಾದ ವ್ಯಾಂಕೂವರಿಗೆ ಹೋಗಿ ಅಲ್ಲಿ ತಡೆಯಲ್ಪಟ್ಟಾಗ ಅವರ ಪರ ನಿಂತ ವಕೀಲ ಜೆ. ಎಡ್ವರ್ಡ್ ಬರ್ಡ್. ಕೇಸು ಸೋತರು, ಎರಡು ತಿಂಗಳ ಮೇಲೆ ಹಡಗು ಹಿಂದಿರುಗಿತು. ಆದರೂ ಊರಿಗೆ ಊರೇ ಎದುರು ನಿಂತ ಹೊತ್ತಿನಲ್ಲಿ ಆ ಪ್ರಯಾಣಿಕರಿಗೆ ಒಬ್ಬ ವಕೀಲನಿದ್ದ ಅನ್ನುವುದು ಸಣ್ಣ ಮಾತಲ್ಲ.

ನಮ್ಮ ರಾಜ್ಯದಲ್ಲಿ ಓದಿ ಈ ದಾರಿ ಹಿಡಿದವರು ಶೀಲಾ ಮೂರ್ತಿ. ಬೆಂಗಳೂರಿನ ಯೂನಿವರ್ಸಿಟಿ ಲಾ ಕಾಲೇಜಿನಲ್ಲಿ ಕಲಿತು, 1987ರಲ್ಲಿ ಹಾರ್ವರ್ಡಿನಲ್ಲಿ ಎಲ್‌ಎಲ್‌ಎಂ ಮಾಡಿದರು. ಬೇರೆಯವರ ಸಂಸ್ಥೆಗಳಲ್ಲಿ ದುಡಿದು, 1994ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಸ್ವಂತ ಕಚೇರಿ ತೆರೆದರು. ಇಂಟರ್ನೆಟ್ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ವೀಸಾ ಕಾನೂನನ್ನು ಎಲ್ಲರಿಗೂ ಪುಕ್ಕಟೆ ತಿಳಿಯುವಂತೆ ಬರೆದು ಹಾಕಿದರು. ಬೆಂಗಳೂರಿನಿಂದ ಹೋದ ಎಷ್ಟೋ ಸಾಫ್ಟ್‌ವೇರ್ ಹುಡುಗರಿಗೆ ಗ್ರೀನ್ ಕಾರ್ಡಿನ ಮೊದಲ ಪಾಠ ಅಲ್ಲಿಯೇ ಆಯಿತು.

ಇಷ್ಟೂ ಜನರಲ್ಲಿ ಯಾರೂ ಹುಟ್ಟುತ್ತಲೇ ದೊಡ್ಡ ಕೋರ್ಟಿನವರಲ್ಲ. ಈಗ ನಿನ್ನ ವಿಷಯಕ್ಕೆ ಬರುತ್ತೇನೆ.

ಗಡಿಯೂರಿನಲ್ಲಿ ಹುಟ್ಟಿದ್ದು ನಿನಗೆ ದೊಡ್ಡ ಆಸ್ತಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಆಳಂದದಲ್ಲಿ ಉರ್ದು, ಮೂರೂ ನಿನ್ನ ಬಾಯಲ್ಲಿವೆ. ನಿಮ್ಮ ಅಜ್ಜನ ಹೊಲದ ಹಳೇ ಕಾಗದ ನಿಜಾಮರ ಕಾಲದ ಉರ್ದುವಿನಲ್ಲಿದೆ, ಆಮೇಲಿನ ಪಹಣಿ ಕನ್ನಡದಲ್ಲಿದೆ, ಅತ್ತೆಯ ಶಾಲೆಯ ದಾಖಲೆ ಅಕ್ಕಲಕೋಟದ ಮರಾಠಿಯಲ್ಲಿದೆ. ಈ ಮೂರನ್ನೂ ಮುಂದಿಟ್ಟು ಇವರೆಲ್ಲ ಒಂದೇ ಮನೆಯವರು ಅಂತ ರುಜುವಾತು ಮಾಡುವುದೇ ವಲಸೆ ವಕೀಲಿಯ ಅರ್ಧ ಕೆಲಸ.

ಒಂದು ಫೈಲು ಹೇಗಿರುತ್ತದೆ ನೋಡು. ನಮ್ಮ ಕಡೆಯ ಒಬ್ಬ ಹುಡುಗ ಅಂತಿಟ್ಟುಕೋ. ಶಾಲೆಯ ಟಿಸಿಯಲ್ಲಿ ‘ಶರಣಪ್ಪ ತಂದೆ ಗುಂಡಪ್ಪ’. ಆಧಾರಿನಲ್ಲಿ ಶರಣಬಸಪ್ಪ. ವೋಟರ್ ಕಾರ್ಡಿನಲ್ಲಿ ತಂದೆಯ ಹೆಸರು ಗುಂಡೇರಾವ್. ಅಡ್ಡಹೆಸರು ಎಲ್ಲಿಯೂ ಇಲ್ಲ. ಪಾಸ್‌ಪೋರ್ಟಿನಲ್ಲಿ ಹೆಸರಿಗೊಂದು ಸಾಲು, ಅಡ್ಡಹೆಸರಿಗೊಂದು ಸಾಲು ಇರುತ್ತದಲ್ಲ, ಇವನದು ಬರೀ ಒಂದೇ ಸಾಲಿನಲ್ಲಿ ಬಂದುಬಿಟ್ಟಿತು. ಊರಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ, ಎಲ್ಲರೂ ಶರಣು ಅಂತಲೇ ಕರೆಯುತ್ತಾರೆ. ಆದರೆ 2022ರ ನವೆಂಬರಿನಲ್ಲಿ ದುಬೈ ಸೇರಿದಂತೆ ಯುಎಇ ದೇಶ, ಒಂಟಿ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ವಿಸಿಟ್ ವೀಸಾದ ಮೇಲೆ ಪ್ರವೇಶ ಕೊಡುವುದಿಲ್ಲ ಅಂದಿತು. ಅಮೆರಿಕದ ವೀಸಾದಲ್ಲಿ ಅಂಥವರ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಅಚ್ಚಾಗುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಅಲ್ಲಿ ಬ್ಯಾಂಕಿಗೆ ಹೋದರೂ ಲೈಸೆನ್ಸಿಗೆ ಹೋದರೂ ಆ ಮೂರಕ್ಷರ ಬೆನ್ನು ಬಿಡುವುದಿಲ್ಲ. ಇದಕ್ಕೆ ಮದ್ದು ವಾಷಿಂಗ್ಟನ್ನಿನಲ್ಲಿಲ್ಲ, ಆಳಂದದಲ್ಲಿದೆ. ಶಾಲೆಯ ದಾಖಲೆ, ಆಧಾರ್, ಅಫಿಡವಿಟ್, ತಂದೆಯ ಕಾಗದ ಎಲ್ಲವನ್ನೂ ಒಂದೇ ಹೆಸರಿಗೆ ತಂದು, ಆಮೇಲೆ ಪಾಸ್‌ಪೋರ್ಟ್ ತಿದ್ದಿಸಬೇಕು. ಹಿಂದುಮುಂದು ಮಾಡಿದರೆ ಇನ್ನೊಂದು ಗಂಟು ಬೀಳುತ್ತದೆ.

ಹುಟ್ಟಿದ ದಾಖಲೆಯದೂ ಇದೇ ಕಥೆ. ಮನೆಯಲ್ಲಿಯೇ ಹೆರಿಗೆಯಾದ ನಮ್ಮ ಕಾಲದವರಿಗೆ ಜನನ ಪ್ರಮಾಣಪತ್ರವೇ ಇಲ್ಲ. ವರ್ಷ ದಾಟಿದ ಜನನ ನೋಂದಣಿಗೆ ಜೆಎಂಎಫ್‌ಸಿ ಕೋರ್ಟಿನಲ್ಲಿ 1969ರ ಜನನ ಮರಣ ನೋಂದಣಿ ಕಾಯ್ದೆಯ 13(3)ರ ಅರ್ಜಿ ಹಾಕುವುದು ಆಳಂದದ ವಕೀಲರಿಗೆಲ್ಲ ದಿನದ ಕೆಲಸವಾಗಿತ್ತು. 2023ರ ತಿದ್ದುಪಡಿ ಬಂದ ಮೇಲೆ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟರ ಕಡೆ ಹೋಯಿತು. ಅಮೆರಿಕದಲ್ಲಿರುವ ಮಗ ತಾಯಿಯನ್ನು ಕರೆಸಿಕೊಳ್ಳಬೇಕೆಂದರೆ ಆಕೆಯೇ ತನ್ನ ತಾಯಿ ಅಂತ ತೋರಿಸಬೇಕು. ಅಂಥ ಮಗನ ನ್ಯೂಜೆರ್ಸಿಯ ವಕೀಲನಿಗೆ ಹಿರೋಳ್ಳಿಯ ಗ್ರಾಮ ಪಂಚಾಯಿತಿಯಲ್ಲಿ ಏನು ಸಿಗುತ್ತದೆ, ತಹಶೀಲ್ ಕಚೇರಿಯಲ್ಲಿ ಏನು ಸಿಗುತ್ತದೆ ಗೊತ್ತಿರುವುದಿಲ್ಲ. ನಿನಗೆ ಗೊತ್ತಿರುತ್ತದೆ.

ಮುಖ್ಯವಾದ ಮಾತು ಇನ್ನೊಂದಿದೆ, ಇದನ್ನು ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ. 2024ರ ಆರಂಭದಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಹುಡುಗರು ರಷ್ಯಾದಲ್ಲಿ ಸಿಕ್ಕಿಬಿದ್ದ ಸುದ್ದಿ ನೀನೂ ಓದಿದ್ದೀ. ಸೆಕ್ಯುರಿಟಿ ಕೆಲಸ, ಒಳ್ಳೆಯ ಪಗಾರ ಅಂತ ಏಜೆಂಟರು ನಂಬಿಸಿ ಕರೆದೊಯ್ದರು. ಓದಲು ಬಾರದ ರಷ್ಯನ್ ಭಾಷೆಯ ಕರಾರಿಗೆ ರುಜು ಹಾಕಿಸಿ ಯುಕ್ರೇನ್ ಯುದ್ಧಕ್ಕೆ ದೂಡಿದರು. ಅದೇ ಜಾಲದಲ್ಲಿ ಹೋದ ಸೂರತ್ತಿನ ಹುಡುಗ ಡ್ರೋನ್ ದಾಳಿಗೆ ಸತ್ತ. ಮಾರ್ಚಿನಲ್ಲಿ ಸಿಬಿಐ ಏಜೆಂಟರ ಮೇಲೆ ಪ್ರಕರಣ ದಾಖಲಿಸಿತು. ನಮ್ಮ ಹುಡುಗರು ಮನೆಗೆ ಬರುವಷ್ಟರಲ್ಲಿ ಸೆಪ್ಟೆಂಬರ್ ಆಗಿತ್ತು. ತಂದೆತಾಯಿಗಳು ಶಾಸಕರ ಮನೆ, ಸಂಸದರ ಮನೆ ಅಂತ ಎಲ್ಲಿ ಓಡಾಡಲಿಲ್ಲ? ಹೊರಡುವ ಮೊದಲು ಆ ಕಾಗದವನ್ನು ಒಬ್ಬ ತಿಳಿದ ವಕೀಲನಿಗೆ ತೋರಿಸಿದ್ದರೆ ಅಂತ ನನಗೆ ಇಂದಿಗೂ ಅನಿಸುತ್ತದೆ. ತೋರಿಸೋಣವೆಂದರೆ ನಮ್ಮ ತಾಲೂಕಿನಲ್ಲಿ ಈ ಕಾನೂನು ತಿಳಿದವರು ಎಷ್ಟು ಮಂದಿ?

ಹಾಗಾಗಿ ಅಮೆರಿಕದ ಕಾನೂನಿಗಿಂತ ಮೊದಲು ನಮ್ಮದೇ 1983ರ ಎಮಿಗ್ರೇಷನ್ ಕಾಯ್ದೆಯನ್ನು ಅರೆದು ಕುಡಿ. ಹತ್ತನೇ ಇಯತ್ತೆ ಪಾಸಾಗದವನು ಸೌದಿ, ಕುವೈತ್, ಯುಎಇ ಮುಂತಾದ 18 ದೇಶಗಳಿಗೆ ಕೆಲಸಕ್ಕೆ ಹೋಗುವುದಾದರೆ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಯ ಒಪ್ಪಿಗೆ ಬೇಕು. ಲೈಸೆನ್ಸ್ ಇರುವ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅವನ ಲೈಸೆನ್ಸ್ ನಂಬರ್ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಇದೆಯೋ ಇಲ್ಲವೋ ಫೋನಿನಲ್ಲಿಯೇ ನೋಡಬಹುದು. ಕೆಲಸಕ್ಕೆ ಕಳಿಸುತ್ತೇನೆ ಅಂದವನು ಕೈಗೆ ವಿಸಿಟ್ ವೀಸಾ ಕೊಟ್ಟರೆ ಅಲ್ಲಿಗೇ ನಿಲ್ಲಿಸಬೇಕು. ಇಷ್ಟನ್ನೇ ಹೇಳಲು ಆಳಂದದಲ್ಲಿ ಒಬ್ಬಳು ವಕೀಲಳು ಕುಳಿತರೂ ಎಷ್ಟೋ ಹೊಲ ಅಡವು ಬೀಳುವುದು ತಪ್ಪುತ್ತದೆ.

ಇಲ್ಲಿಯೇ ಒಂದು ಎಚ್ಚರ. ಊರೂರಿಗೆ ಪೋಸ್ಟರ್ ಹಚ್ಚಿ, ಫೇಸ್‌ಬುಕ್ಕಿನಲ್ಲಿ ‘ವೀಸಾ ಗ್ಯಾರಂಟಿ’ ಅಂತ ಕೂಗುವವನು ವಕೀಲನಲ್ಲ. ನಮ್ಮ ಬಾರ್ ಕೌನ್ಸಿಲ್ ನಿಯಮ ವಕೀಲರಿಗೆ ಜಾಹೀರಾತು ಕೊಡಲು ಬಿಡುವುದಿಲ್ಲ. ಕೇಸು ಗೆದ್ದರೆ ಇಷ್ಟು ಅನ್ನುವ ಫೀಸಿಗೂ ಅವಕಾಶವಿಲ್ಲ. ಬೇರೆ ದೇಶಗಳಲ್ಲೂ ಇಂಥ ಬೇಲಿಗಳಿವೆ. ಕೆನಡಾದಲ್ಲಿ ವಕೀಲರಲ್ಲದ ಸಲಹೆಗಾರರಿಗೆ 2021ರಿಂದ ಪ್ರತ್ಯೇಕ ಕಾಲೇಜ್ ಎಂಬ ನಿಯಂತ್ರಣ ಸಂಸ್ಥೆಯಿದೆ, ಅಲ್ಲಿ ಹೆಸರಿಲ್ಲದವನು ಫೀಸು ಪಡೆದು ಸಲಹೆ ಕೊಡುವುದು ಅಪರಾಧ. ಬ್ರಿಟನ್ನಿನಲ್ಲೂ ನೋಂದಣಿ ಇಲ್ಲದವರು ಸಲಹೆ ಕೊಡುವಂತಿಲ್ಲ. ನೀನು ಕಷ್ಟಪಟ್ಟು ಓದುತ್ತಿರುವಾಗ ಇಂಥವರು ಕಮಿಷನ್ ಆಸೆ ತೋರಿಸಿ ನಿನ್ನ ಬೋರ್ಡಿನ ಹೆಸರು ಕೇಳುತ್ತಾರೆ. ಕೊಡಬೇಡ.

ಓದಿನ ದಾರಿ ಹೇಳಿಬಿಡುತ್ತೇನೆ. ಮೂರು ವರ್ಷದ ಎಲ್‌ಎಲ್‌ಬಿ ಮುಗಿಸು. ಕರ್ನಾಟಕ ಬಾರ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸು. ದುಡ್ಡಿನ ಚಿಂತೆ ಬೇಡ, 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟು ನೋಂದಣಿ ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದು ಅಂದಿದೆ. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸು ಮಾಡಿಕೋ. ಮೊದಲ ವರ್ಷಗಳನ್ನು ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ, ರಿಟ್ ಅರ್ಜಿ ನಡೆಸುವ ಹಿರಿಯರೊಬ್ಬರ ಕೈಕೆಳಗೆ ಕಳೆ. ಪಾಸ್‌ಪೋರ್ಟ್ ನಿರಾಕರಿಸಿದಾಗ, ಪೌರತ್ವದ ಪ್ರಶ್ನೆ ಬಂದಾಗ ಜನ ಹೋಗುವುದು ಹೈಕೋರ್ಟಿಗೇ. 2013ರಲ್ಲಿ ಟಿಬೆಟನ್ ಧರ್ಮಗುರು ಲಿಂಗ್ ರಿಂಪೋಚೆಯವರ ಅರ್ಜಿಯ ಮೇಲೆ ನಮ್ಮ ಹೈಕೋರ್ಟು ಕೊಟ್ಟ ತೀರ್ಪನ್ನು ಪೂರ್ತಿ ಓದು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎನ್ನುವ ಪೌರತ್ವ ಕಾಯ್ದೆಯ ಮಾತು ನಿರಾಶ್ರಿತರ ಮಕ್ಕಳಿಗೂ ಸಲ್ಲುತ್ತದೆ ಎಂದ ತೀರ್ಪು ಅದು. ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ ಶಿಬಿರಗಳಲ್ಲಿ ಹುಟ್ಟಿಬೆಳೆದ ಎಷ್ಟೋ ಜನರ ಬದುಕಿಗೆ ತಾಗುವ ವಿಷಯ. ಜೊತೆಗೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯನ್ನು ನೋಡು. 1920, 1939, 1946 ಮತ್ತು 2000ದ ನಾಲ್ಕು ಹಳೇ ಕಾನೂನುಗಳ ಜಾಗಕ್ಕೆ ಅದು ಬಂದಿದೆ. ಹೊಸ ಕಾನೂನಿನಲ್ಲಿ ಹಿರಿಯ ವಕೀಲರೂ ಹೊಸಬರೇ, ನಿನ್ನಂಥವರು ಬೇಗ ಮುಂದೆ ಬರಲು ಇದೇ ಸಮಯ.

ಹೊರದೇಶದಲ್ಲಿಯೇ ವಕೀಲಿ ಮಾಡುವ ಹಂಬಲವಿದ್ದರೆ ಅದೂ ಆಗದ ಮಾತಲ್ಲ. ನಮ್ಮದು ಬ್ರಿಟಿಷರು ಬಿಟ್ಟುಹೋದ ಕಾನೂನಿನ ಪದ್ಧತಿಯಾದ್ದರಿಂದ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳ ಬಾರ್ ಪರೀಕ್ಷೆಗೆ ಭಾರತದ ಪದವೀಧರರಿಗೆ ದಾರಿಯಿದೆ. ಬಹಳ ಮಂದಿ ಅಲ್ಲಿ ಒಂದು ವರ್ಷದ ಎಲ್‌ಎಲ್‌ಎಂ ಮಾಡಿ ಪರೀಕ್ಷೆಗೆ ಕೂರುತ್ತಾರೆ. ಅಲ್ಲಿ ವಲಸೆ ಕಾನೂನು ಕೇಂದ್ರ ಸರ್ಕಾರದ್ದು, ಆದ್ದರಿಂದ ಒಂದು ರಾಜ್ಯದಲ್ಲಿ ಸನದು ಸಿಕ್ಕರೆ ಐವತ್ತೂ ರಾಜ್ಯದ ಕಕ್ಷಿದಾರರ ವಲಸೆ ಕೇಸು ನಡೆಸಬಹುದು. ಹೊಸದಾಗಿ ಬಂದವರು ಈ ಕ್ಷೇತ್ರ ಆರಿಸಿಕೊಳ್ಳಲು ಅದೂ ಒಂದು ಕಾರಣ. ಆದರೆ ಸಾಲ ಮಾಡಿ ಎಲ್‌ಎಲ್‌ಎಂಗೆ ಹೋಗುವುದು ಬೇಡವೇ ಬೇಡ. ಇಲ್ಲಿ ಎರಡು ವರ್ಷ ಕೆಲಸ ಮಾಡಿದ ಅನುಭವ ತೋರಿಸಿದರೆ ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಭೂಮಿಯಿಲ್ಲದ ಕೂಲಿಗಳ ಮಕ್ಕಳಿಗೆ, ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ನಿನ್ನ ಗೆಳತಿಯರಿಗೂ ತಿಳಿಸು.

ದುಡಿಮೆಯ ವಿಷಯದಲ್ಲಿ ಈ ವೃತ್ತಿಗೆ ಎರಡು ಮುಖ. ಅಮೆರಿಕದಲ್ಲಿ ಕಂಪನಿಗಳ ಎಚ್-1ಬಿ ಎಂಬ ಕೆಲಸದ ವೀಸಾದ ಅರ್ಜಿ ಹಾಕುವವರಿಗೆ ಹಣ ಚೆನ್ನಾಗಿದೆ, ಆದರೆ ಸರ್ಕಾರದ ಒಂದು ಆದೇಶಕ್ಕೆ ಎಲ್ಲ ತಲೆಕೆಳಗಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಅಮೆರಿಕದ ಅಧ್ಯಕ್ಷರು ಘೋಷಿಸಿದ ದಿನ ಆ ವಕೀಲರ ಫೋನುಗಳು ರಾತ್ರಿಯಿಡೀ ಸುಮ್ಮನಿರಲಿಲ್ಲ. ಆಶ್ರಯ ಕೇಳಿ ಬಂದವರ, ಗಡೀಪಾರಿನ ನೋಟಿಸು ಬಂದವರ ಕೇಸು ನಡೆಸುವವರಿಗೆ ಹಣ ಕಡಿಮೆ, ನಿದ್ದೆಯೂ ಕಡಿಮೆ. ಕಳ್ಳತನದ ಆರೋಪಿ ಬಡವನಾದರೆ ಅಮೆರಿಕದಲ್ಲಿ ಅವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲ ಸಿಗುತ್ತಾನೆ. ಗಡೀಪಾರಾಗುವ ಕೂಸಿಗೆ ಅಂಥ ಹಕ್ಕಿಲ್ಲ. ತಾನೇ ಹುಡುಕಿಕೊಳ್ಳಬೇಕು, ಇಲ್ಲವೇ ವಕೀಲನಿಲ್ಲದೆ ಜಡ್ಜಿನ ಮುಂದೆ ನಿಲ್ಲಬೇಕು. ಅಂಥವರ ಪರ ನಿಲ್ಲುವವರನ್ನು ನಾನು ಈ ವೃತ್ತಿಯಲ್ಲೇ ಎಲ್ಲರಿಗಿಂತ ಮೇಲೆ ಇಡುತ್ತೇನೆ. ನೀನು ಯಾವ ಕಡೆ ಹೋಗುತ್ತೀಯೋ ಈಗಲೇ ಹೇಳಬೇಕಿಲ್ಲ.

ಯಾವ ಕಡೆ ಹೋದರೂ ಇಷ್ಟು ನೆನಪಿಡು. ಕಕ್ಷಿದಾರನ ಪಾಸ್‌ಪೋರ್ಟನ್ನು ಒಂದು ರಾತ್ರಿಯೂ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ, ನಕಲು ಸಾಕು. ಅವನು ಹೇಳಿದ ಕಥೆಯನ್ನು ಚಂದ ಮಾಡಿ ಬರೆಯಬೇಡ, ನಡೆದಂತೆ ಬರಿ. ಹುಟ್ಟಿದ ತಾರೀಖು ಗೊತ್ತಿಲ್ಲವೆಂದರೆ ಗೊತ್ತಿಲ್ಲವೆಂದೇ ಬರಿ, ಜೂನ್ 1 ಅಂತ ಹಾಕಿಬಿಡುವ ಶಾಲೆಯ ಮಾಸ್ತರರ ಪದ್ಧತಿ ನಮಗೆ ಬೇಡ. ಒಂದು ಸುಳ್ಳು ಸಿಕ್ಕರೆ ಅಧಿಕಾರಿ ಉಳಿದ ನೂರು ನಿಜವನ್ನೂ ನಂಬುವುದಿಲ್ಲ, ಕೆಲವು ದೇಶಗಳಲ್ಲಿ ಜೀವಮಾನ ಪೂರ್ತಿ ಬಾಗಿಲು ಮುಚ್ಚುತ್ತದೆ.

ದಸರಾ ರಜೆಗೆ ಬಂದಾಗ ನಿಮ್ಮ ಮನೆಯ ಕಾಗದಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ನನ್ನ ಹತ್ತಿರ ಬಾ. ಟಿಸಿ, ಆಧಾರ್, ರೇಷನ್ ಕಾರ್ಡ್, ಪಹಣಿ, ಅತ್ತೆಯ ಮರಾಠಿ ದಾಖಲೆ, ಏನಿದ್ದರೂ ಸರಿ. ಯಾರ ಹೆಸರು ಎಲ್ಲೆಲ್ಲಿ ತಾಳೆಯಾಗುವುದಿಲ್ಲ ಅಂತ ನೀನೇ ಪಟ್ಟಿ ಮಾಡು, ತಿದ್ದುಪಡಿಯ ಅರ್ಜಿಯನ್ನೂ ನೀನೇ ಬರಿ. ಉರ್ದು ಕಾಗದವನ್ನು ಇಬ್ಬರೂ ಕೂಡಿ ಓದೋಣ.